ತಗಡನ್ನು ಬಾಗಿಸುವ ಬಗೆ



ಹಿಟ್ಟಿನ ಗಿರಣಿಯಲ್ಲಿ ಸರದಿ ಕಾಯುತ್ತ ನಿಂತವರಿಗೆಲ್ಲ ಅಲ್ಲಿಯ ಬೆಲ್ಟಿನ ಪರಿಚಯವುಂಟು. ಮೋಟಾರಿನ ಚಕ್ರಕ್ಕೂ ಬೀಸುವ ಕಲ್ಲಿನ ಚಕ್ರಕ್ಕೂ ನಡುವೆ ಓಡುವ ಆ ಬೆಲ್ಟು, ವೇಗ ಹೆಚ್ಚಿದಷ್ಟೂ ನಿಂತಂತೆಯೇ ಕಾಣುತ್ತದೆ. ನಮ್ಮ ಬೀದಿಯ ಗಿರಣಿಯಲ್ಲಿ ಒಂದು ದಿನ ರಾಗಿ ಬೀಸಿಸಲು ಬಂದ ತಾಯಿಯೊಬ್ಬರ ಸೆರಗು ಅದಕ್ಕೆ ಸಿಕ್ಕಿತು. ಸೀರೆ ಹಳೆಯದಾದುದರಿಂದ ಹರಿಯಿತು, ಆಕೆ ಉಳಿದರು. ಮರುದಿನ ಬೆಳಿಗ್ಗೆ ಗಿರಣಿಯ ಯಜಮಾನರು ನಮ್ಮ ಕಾರ್ಖಾನೆಗೆ ಬಂದು, “ಸ್ವಾಮಿ, ಬೆಲ್ಟಿಗೆ ಒಂದು ಮರೆ ಮಾಡಿಕೊಡಿ. ಅದಾಗುವವರೆಗೆ ನಾನು ಗಿರಣಿ ತೆರೆಯುವುದಿಲ್ಲ” ಎಂದರು.

ಮರೆಗೆ ಬೇಕಾದುದು 3 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ತಗಡು. ಅದರಲ್ಲಿ 300 ಮಿಲಿಮೀಟರ್ ಉದ್ದದ ನೇರವಾದ ಮಡಿಕೆಗಳು. ಮೊದಲು ತಗಡನ್ನು ವೈಸಿನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಬಡಿದೆವು. ಪೆಟ್ಟು ಬಿದ್ದೆಡೆಯೆಲ್ಲ ತಗ್ಗು, ಮಡಿಕೆಯೋ ಹಾವು ಹರಿದಂತೆ. ಅಂಥ ಮರೆಯನ್ನು ಕೂರಿಸಿದರೆ ಬೆಲ್ಟು ಅದಕ್ಕೇ ಉಜ್ಜುವುದು ಖಂಡಿತ. ಆಗ ನಮ್ಮ ದೃಷ್ಟಿ ಮೂಲೆಯಲ್ಲಿದ್ದ ಪ್ರೆಸ್ಸಿನ ಮೇಲೆ ಬಿತ್ತು. ಚಕ್ರಗಳಿಂದ ಬೇರಿಂಗುಗಳನ್ನು ಕಳಚಲು ನಾವು ಬಳಸುವ 20 ಟನ್ನಿನ ಒತ್ತುಯಂತ್ರ ಅದು. ಕಿರಿದಾದ ಕೊಳವೆಯಲ್ಲಿ ಕೈಯಿಂದ ಒತ್ತಿದ ಎಣ್ಣೆ ಹಿರಿದಾದ ಕೊಳವೆಯಲ್ಲಿ ಅನೇಕ ಮಡಿ ಬಲವಾಗಿ ಹೊರಡುವುದು ಅದರ ಮರ್ಮ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತ ಈ ಬಗೆಯ ಯಂತ್ರಕ್ಕೆ 1795ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು.

ಬಲವೇನೋ ಸಿಕ್ಕಿತು. ಅದರ ಕೆಳಗೆ ತಗಡನ್ನು ಮಣಿಸುವ ಜೋಡಣೆಯನ್ನು ನಾವೇ ಮಾಡಿಕೊಳ್ಳಬೇಕಾಗಿತ್ತು. ಅದರ ತತ್ತ್ವ ಸರಳ. ಕೆಳಗೆ ಎರಡು ಅಂಚುಗಳು, ನಡುವೆ ಒಂದು ಕಂದಕ. ಕಂದಕದ ಮೇಲೆ ತಗಡು. ತಗಡಿನ ಮೇಲೆ ಮೊಂಡಾದ ಒಂದು ಅಲಗು. ಅಲಗು ಇಳಿದರೆ ತಗಡು ಕಂದಕದೊಳಕ್ಕೆ ಮಡಿಯುತ್ತದೆ. ಕಂದಕದ ಅಗಲ ತಗಡಿನ ದಪ್ಪದ ಎಂಟರಷ್ಟಿರಲಿ ಎಂಬುದು ಕಸಬುದಾರರ ರೂಢಿ. ಅದರಂತೆ ನಾವು 24 ಮಿಲಿಮೀಟರ್ ಇಟ್ಟೆವು. ಈ ಅಳತೆಯಲ್ಲಿ ಮಡಿಕೆಗೆ ಬೇಕಾಗುವ ಬಲ ಸುಮಾರು 7 ಟನ್. ಅದೇ ಕಂದಕದಲ್ಲಿ 6 ಮಿಲಿಮೀಟರ್ ತಗಡನ್ನಿಟ್ಟರೆ ಬಲ ಇಮ್ಮಡಿಯಲ್ಲ, ನಾಲ್ವಡಿ ಬೇಕು. ನಮ್ಮ ಯಂತ್ರದ ಶಕ್ತಿಗೆ ಅದು ಮೀರಿದ ಮಾತು.

ಇಲ್ಲಿ ನಾವು ಎಡವಿದುದನ್ನು ಮುಚ್ಚಿಡಲಾರೆವು. ಅಲಗಿನ ಬೆನ್ನಿಗೆ 75 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯೊಂದನ್ನು ಆರಿಸಿ, ಕೂರಿಸಲು ಅನುಕೂಲವೆಂದು ಅದನ್ನು ಮಲಗಿಸಿ ಬೆಸೆದೆವು. ಯಂತ್ರ ಒತ್ತುವುದು ನಡುವಿನಲ್ಲಿ. ತಗಡು ಎದುರೊತ್ತುವುದು ಉದ್ದಕ್ಕೂ. ನಡುವೆ ಇಳಿದ ಪಟ್ಟಿಯ ಎರಡು ತುದಿಗಳೂ ಮೇಲಕ್ಕೆ ಸೆಟೆದವು. ತಗಡಿನ ನಡುಭಾಗ ಚೆನ್ನಾಗಿ ಮಡಿಯಿತು, ತುದಿಗಳು ಅರ್ಧಕ್ಕೇ ನಿಂತವು. ಬಿಡಿಸಿ ನೋಡಿದರೆ ಪಟ್ಟಿಯೇ ಬಿಲ್ಲಿನಂತೆ ಬಾಗಿ ಉಳಿದಿತ್ತು. ಹಳೆಯ ಮನೆಗಳ ಜಂತೆಗಳನ್ನು ತಲೆಯೆತ್ತಿ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ನಮ್ಮ ಬಡಗಿಗಳು ಜಂತೆಯನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸುತ್ತಾರೆ. ಅದೇ ಅಳತೆಯ ಇನ್ನೊಂದು ಪಟ್ಟಿಯನ್ನು ಹಾಗೆ ನಿಲ್ಲಿಸಿ, ಕೆಳಗಿನ ಅಂಚನ್ನೇ ಎರಡು ಕಡೆಯೂ ಸವೆಸಿ ಅಲಗು ಮಾಡಿದೆವು. ಉಕ್ಕು ಅಷ್ಟೇ, ತೂಕ ಅಷ್ಟೇ. ಬಾಗದೆ ನಿಲ್ಲುವ ಗುಣ ಮಾತ್ರ ಒಂಬತ್ತರಷ್ಟು.

ಕೆಳಗಿನ ಭಾಗಕ್ಕೆ 25 ಮಿಲಿಮೀಟರಿನ ಎರಡು ಚೌಕದ ಸರಳುಗಳು ಸಾಕಾದವು. ಒಳಗಿನ ಅಂಚುಗಳನ್ನು ಅರದಿಂದ ತುಸು ಗುಂಡಗೆ ಮಾಡಿ, ದಪ್ಪನೆಯ ಹಲಗೆಯಂಥ ಉಕ್ಕಿನ ಮೇಲೆ ಬೆಸೆದೆವು. ಬೆಸುಗೆ ಆರುವಾಗ ಲೋಹವನ್ನು ತನ್ನ ಕಡೆಗೆ ಎಳೆಯುತ್ತದೆ. ಆದುದರಿಂದ ಬಿಗಿಯಾಗಿ ಕಟ್ಟಿ, ಒಮ್ಮೆ ಈ ತುದಿ ಒಮ್ಮೆ ಆ ತುದಿ ಎಂದು ಚುಕ್ಕೆಚುಕ್ಕೆಯಾಗಿ ಹಾಕಬೇಕಾಯಿತು. ಎರಡು ಪಕ್ಕಗಳಲ್ಲಿ ಅಲಗು ವಾಲದಂತೆ ಒಂದೊಂದು ಗೂಟ, ಒತ್ತಡ ಬಿಟ್ಟೊಡನೆ ಅದನ್ನು ಮೇಲೆತ್ತಲು ಒಂದೊಂದು ಸ್ಪ್ರಿಂಗು. ಗೂಟಗಳನ್ನು ತೀರ ಬಿಗಿಯಾಗಿ ಕೂರಿಸಿದರೆ ಅಲಗು ಸಿಕ್ಕಿಕೊಳ್ಳುತ್ತದೆ. ಚಿಕ್ಕ ತಗಡನ್ನು ಒಂದು ತುದಿಯಲ್ಲಿಟ್ಟು ಒತ್ತಿದರೂ ಅದೇ ಗತಿ. ಅಂಥದನ್ನು ಯಾವಾಗಲೂ ನಡುವಿನಲ್ಲಿಯೇ ಇಡಬೇಕು.

ಇಷ್ಟಾದರೂ ಉಕ್ಕಿಗೆ ತನ್ನದೇ ಹಟವೊಂದುಂಟು. ಒತ್ತಿದಾಗ ಸರಿಯಾಗಿ 90 ಡಿಗ್ರಿಗೆ ಮಡಿದ ತಗಡು, ಒತ್ತಡ ತೆಗೆದೊಡನೆ ಒಂದೆರಡು ಡಿಗ್ರಿ ಹಿಂದಕ್ಕೆ ತೆರೆದುಕೊಳ್ಳುತ್ತದೆ. ತುಕ್ಕು ಹಿಡಿಯದ ಉಕ್ಕು ಇನ್ನೂ ಹೆಚ್ಚು. ಆಂಗಲ್ ಪಟ್ಟಿಯನ್ನೇ ಮಗುಚಿಟ್ಟು ಕಂದಕ ಮಾಡುವವರು ಇಲ್ಲಿಯೇ ಸೋಲುವುದು. ಅದರ ಮೂಲೆ 90 ಡಿಗ್ರಿಯದಾದುದರಿಂದ ತಗಡು ಅದಕ್ಕಿಂತ ಒಳಕ್ಕೆ ಹೋಗಲಾರದು. ನಮ್ಮದು ತಳ ಬಿಟ್ಟ ಕಂದಕ. ಅದೇ ತಗಡಿನ ಚೂರುಗಳನ್ನು ಮೊದಲು ಮಡಿಸಿ ನೋಡಿ, 88ಕ್ಕೆ ಇಳಿಸಿದರೆ 90ಕ್ಕೆ ಬಂದು ನಿಲ್ಲುವುದೆಂದು ಕಂಡುಕೊಂಡೆವು.

ಕೇಳುವವರಲ್ಲಿ ಯಾರಾದರೂ ಇದನ್ನು ಮಾಡಲೆಳಸಿದರೆ ಎರಡು ಮಾತು. ಗಟ್ಟಿಯೆಂದು ನಂಬಿ ಹಳೆಯ ಅರವನ್ನೋ ಬೇರಿಂಗಿನ ಉಕ್ಕನ್ನೋ ಅಲಗಾಗಿ ಬಳಸಬೇಡಿರಿ; ಅದು ಬಾಗದೆ ಸಿಡಿಯುತ್ತದೆ, ಚೂರು ಕಣ್ಣನ್ನು ಹುಡುಕುತ್ತದೆ. ಎರಡನೆಯದು, ಈ ಯಂತ್ರ ಮೆಲ್ಲಗೆ ಇಳಿಯುತ್ತದೆ. ಮೆಲ್ಲಗೆ ಇಳಿಯುವುದೆಂದೇ ತಗಡನ್ನು ಸರಿಪಡಿಸಲು ಬೆರಳು ಒಳಗೆ ಹೋಗುತ್ತದೆ. ನಮ್ಮ ಹುಡುಗನ ಕೈಯನ್ನು ನಾವು ಒಮ್ಮೆ ಎಳೆದು ತೆಗೆಯಬೇಕಾಯಿತು. ಅಂದಿನಿಂದ ಒತ್ತುವ ಕೈಯೇ ತಗಡನ್ನೂ ಇಡಬೇಕು, ಇನ್ನೊಬ್ಬರು ಹತ್ತಿರ ನಿಲ್ಲಕೂಡದು ಎಂದು ಕಟ್ಟುಮಾಡಿದ್ದೇವೆ.

ಗಿರಣಿ ನಾಲ್ಕು ದಿನ ಮುಚ್ಚಿತ್ತು. ಐದನೆಯ ದಿನ ಮರೆಯನ್ನು ಹೊತ್ತುಕೊಂಡು ಹೋಗಿ ಕೂರಿಸಿ, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದೆವು. ಬೆಲ್ಟು ಎಲ್ಲಿಯೂ ತಾಗಲಿಲ್ಲ. ಹೊರಗೆ ಡಬ್ಬಗಳನ್ನು ಹಿಡಿದು ಜನ ಆಗಲೇ ಸಾಲುಗಟ್ಟಿದ್ದರು. ಸೀರೆ ಹರಿದುಕೊಂಡಿದ್ದ ಆ ತಾಯಿಯೂ ಅವರಲ್ಲಿದ್ದರು. ಒಳಕ್ಕೆ ಬಂದು ತಗಡಿನ ಮೇಲೆ ಒಮ್ಮೆ ಕೈಯಾಡಿಸಿ, ರಾಗಿಯ ಡಬ್ಬವನ್ನು ತಕ್ಕಡಿಯ ಮೇಲಿಟ್ಟರು.