ಊರ ಸಾಲ ಕೇಳುವ ಮೊದಲು ನಮ್ಮ ಸಾಲ ಹೇಳೋಣ

(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮ ಘಟಕಗಳ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಮುಖಂಡ ಅಂದ ಕೂಡಲೇ ನಮ್ಮ ಕಣ್ಣಿಗೆ ಕಾಣೋದು ಮೈಕು. ಗಟ್ಟಿಯಾಗಿ ಮಾತಾಡುವವನೇ ಮುಖಂಡ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಮುರಿದದ್ದು ನಮ್ಮೂರಿನದೇ ಒಂದು ಸಭೆಯಲ್ಲಿ.

ಸಾಲದ ನೋಟಿಸು ಬಂದ ಮನೆಯವರನ್ನೆಲ್ಲ ಶಾಲೆಯ ಜಗಲಿಯಲ್ಲಿ ಸೇರಿಸಿದ್ದೆವು. ನಾನು ಒಂದು ತಾಸು ಭಾಷಣ ಬಿಗಿದೆ. ಅಡಿಕೆ ಆಮದು, ಬೆಲೆ ನೀತಿ, ಬಡ್ಡಿ ಎಲ್ಲ ಹೇಳಿ, "ಯಾರಿಗೆ ಎಷ್ಟು ಸಾಲ ಇದೆ, ಬರೆಸಿ" ಅಂದೆ. ಒಬ್ಬರೂ ಬಾಯಿ ಬಿಡಲಿಲ್ಲ. ಕವಳ ಉಗಿಯೋ ನೆಪದಲ್ಲಿ ಒಬ್ಬೊಬ್ಬರೇ ಎದ್ದು ಹೋದರು. ದಾರಿಯಲ್ಲಿ ಹಿರಿಯರೊಬ್ಬರು ಕೇಳಿದರು: "ಅಲ್ಲ ಮಾರಾಯ, ಊರವರ ಸಾಲ ಎಲ್ಲಾ ಕೇಳ್ದೆ, ನಿಂದೆಷ್ಟು ಅಂತ ಹೇಳ್ಲೇ ಇಲ್ವಲ್ಲ?"

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನಗೂ ನೋಟಿಸು ಬಂದಿತ್ತು. ಅದನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಬೇರೆಯವರ ನೋಟಿಸಿನ ಬಗ್ಗೆ ಭಾಷಣ ಮಾಡಿದ್ದೆ!

ಮುಂದಿನ ಸಭೆಯಲ್ಲಿ ಭಾಷಣ ಮಾಡಲಿಲ್ಲ. ಸೊಸೈಟಿಯ ಸಾಲ, ಬ್ಯಾಂಕಿನ ಸಾಲ, ಮಂಡಿಯಲ್ಲಿ ತಂದ ಮುಂಗಡ, ಅಡವಿಟ್ಟ ಚಿನ್ನ, ನನ್ನದೆಲ್ಲ ಓದಿದೆ. ಓದುವಾಗ ಗಂಟಲು ಕಟ್ಟಿತು, ನಿಜ. ಆಮೇಲೆ ಒಬ್ಬರು, ಇನ್ನೊಬ್ಬರು ಹೇಳತೊಡಗಿದರು. ಕತ್ತಲಾದರೂ ಯಾರೂ ಏಳಲಿಲ್ಲ. ಮಲೆನಾಡಿನವನು ಸಾಲವನ್ನು ಮಾನದ ವಿಷಯ ಮಾಡಿಕೊಂಡಿದ್ದಾನೆ. ಹೇಳದೆ ನುಂಗಿಕೊಂಡವರಲ್ಲಿ ಕೆಲವರು ಜೀವವನ್ನೇ ಕಳಕೊಂಡಿದ್ದಾರೆ. ಆದ್ದರಿಂದ ಮುಖಂಡನ ಮೊದಲ ಕೆಲಸ ಆ ನಾಚಿಕೆಯ ಗಂಟು ಬಿಚ್ಚುವುದು, ಅದೂ ತನ್ನಿಂದ ಶುರುಮಾಡಿ.

ಎರಡನೆಯದು, ನಾವು ಎಲ್ಲಿ ನಿಂತು ಮಾತಾಡ್ತಾ ಇದ್ದೀವಿ ಅನ್ನುವ ಅರಿವು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟ ತಿಂದಿದೆ. ಈಗ ಎಲೆಚುಕ್ಕಿ ರೋಗ ಬೇರೆ. ಫಸಲೇ ಇಲ್ಲದವನ ಎದುರು ನಿಂತು "ಅಡಿಕೆಗೆ ಒಳ್ಳೆ ರೇಟು" ಅಂದರೆ ಅದು ಗಾಯಕ್ಕೆ ಉಪ್ಪು. ನರಸಿಂಹರಾಜಪುರದ ಕಡೆ ರಬ್ಬರ್ ಬೆಳೆಯುವ, ಮನೆಯಲ್ಲಿ ಮಲಯಾಳ ಮಾತಾಡುವ ರೈತರೂ ಇದ್ದಾರೆ. ಅವರು ಸಭೆಯಲ್ಲಿ ಸುಮ್ಮನೆ ಕೂತರೆ ಒಪ್ಪಿದರು ಅಂತ ತಿಳೀಬೇಡಿ. ಕೇಳಿ ತಿಳಿಯಿರಿ. ಹತ್ತು ಎಕರೆಯವನು ಒಂದು ಎಕರೆಯವನ ಪರವಾಗಿ ಮಾತಾಡುವ ಮುಂಚೆ ಅವನ ಜಗಲಿಯಲ್ಲಿ ಅರ್ಧ ಗಂಟೆ ಬಾಯಿ ಮುಚ್ಚಿ ಕೂರಬೇಕು. ಹೆಂಗಸರನ್ನೂ ಸಭೆಗೆ ಕರೆಯಿರಿ. ಯಾವ ಒಡವೆ ಎಲ್ಲಿ ಅಡವಿದೆ ಎಂಬ ಲೆಕ್ಕ ಅವರ ಬಾಯಲ್ಲಿದೆ.

ಮೂರನೆಯದು, ಬೇಡಿಕೆ ಎಲ್ಲರಿಗೂ ತಿಳಿಯುವಂತಿರಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರಲ್ಲ, ಆ ಜಗಳದ ಬುಡದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಕೊಳಗ ದೊಡ್ಡದೋ ಸಣ್ಣದೋ ಅನ್ನೋದು ಅಕ್ಷರ ಬಾರದವನಿಗೂ ಗೊತ್ತು. ಗೇಣಿದಾರರ ನಡುವೆ ದುಡಿದ ಎಚ್. ಗಣಪತಿಯಪ್ಪನವರಂಥವರು ಅವರ ನಾಲಿಗೆಯ ಮೇಲಿದ್ದ ಮಾತನ್ನೇ ಹಿಡಿದರು. ನಮ್ಮ ಬೇಡಿಕೆಯೂ ಹಾಗೇ ಕೈಗೆ ಸಿಗುವಂತಿರಬೇಕು.

ಇನ್ನು ಕಚೇರಿಯ ಮಾತು. ಒಬ್ಬರೇ ಹೋಗಬೇಡಿ. ಅಸಲು ಎಷ್ಟು, ಬಡ್ಡಿ ಎಷ್ಟು, ಸುಸ್ತಿಬಡ್ಡಿ ಎಷ್ಟು, ಬಿಡಿಬಿಡಿಯಾಗಿ ಕೇಳಿ. ಅವರು ಹೇಳಿದ್ದನ್ನು "ನೀವು ಹೇಳಿದ್ದು ಇದು ತಾನೆ?" ಎಂದು ಅವರೆದುರೇ ತಿರುಗಿ ಹೇಳಿ. ಅರ್ಜಿ ಎರಡು ಪ್ರತಿ ಇರಲಿ, ಒಂದಕ್ಕೆ ಮೊಹರು ಹಾಕಿಸಿ ತನ್ನಿ. ಬೈದು ಬಂದರೆ ಊರಲ್ಲಿ ಚಪ್ಪಾಳೆ ಸಿಗುತ್ತೆ, ನೋಟಿಸು ನಿಲ್ಲೋದಿಲ್ಲ.

ಚಪ್ಪಾಳೆಯ ಆಸೆಗೆ "ಸಾಲ ಮನ್ನಾ ಆಗುತ್ತೆ, ಕಟ್ಟಬೇಡಿ" ಎನ್ನುವವರೂ ನಮ್ಮಲ್ಲಿದ್ದಾರೆ. 2018ರ ಮನ್ನಾಕ್ಕೂ ಮಿತಿ ಇತ್ತು, ಷರತ್ತು ಇತ್ತು. ಸೊಸೈಟಿಯ ಬಡ್ಡಿರಹಿತ ಬೆಳೆಸಾಲ ವಾಯಿದೆ ಮೀರಿದರೆ ಬಡ್ಡಿ ಬೀಳುತ್ತೆ, ರೈತ ಸುಸ್ತಿದಾರನಾಗುತ್ತಾನೆ. ಮಾತು ನಮ್ಮದು, ದಂಡ ಅವನದು! ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನೋದರಿಂದ ಮುಖಂಡನ ಮರ್ಯಾದೆ ಕಮ್ಮಿಯಾಗೋದಿಲ್ಲ.

ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಮೇಲೆ ಕತ್ತಿ ಅದ್ದಿ ನೋಡ್ತೀವಿ. ಅಲಗು ಕೆಂಪಾದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತೆ. ಸಭೆಗೆ ಹೊರಡುವ ಮುಂಚೆ ನಮ್ಮ ಮಾತನ್ನೂ ಹಾಗೆ ನೋಡಿಕೊಳ್ಳೋಣ. ಇದು ಊರಿನ ಕಷ್ಟಕ್ಕಾಗಿ ಆಡೋ ಮಾತೋ, ನನ್ನ ಸಿಟ್ಟಿಗೋ, ನನ್ನ ಹೆಸರಿಗೋ?

ಮುಂದಿನ ಸಭೆಗೆ ಎಲ್ಲರೂ ಪಾಸ್‌ಬುಕ್ಕು, ನೋಟಿಸು ತನ್ನಿ. ಮೊದಲು ಮುಖಂಡರು ತಮ್ಮದನ್ನು ಓದಲಿ.