ಡಾರ್ಟ್‌ಮೂರ್‌ನ ಕಲ್ಲುಗಳ ನಡುವೆ ಸೈಕಲ್ ಸವಾರಿ



ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಎಂಬ ಕೌಂಟಿ ಇದೆ. ಅದರ ನಡುಭಾಗದಲ್ಲಿ ಸುತ್ತಲ ಹಸಿರು ಹೊಲಗಳಿಂದ ಮೇಲೆದ್ದು ನಿಂತ ಬೋಳು ಗುಡ್ಡಗಾಡು ಡಾರ್ಟ್‌ಮೂರ್. 1951ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ 954 ಚದರ ಕಿಲೋಮೀಟರ್. ಅತಿ ಎತ್ತರದ ನೆತ್ತಿ 621 ಮೀಟರ್. ಸಹ್ಯಾದ್ರಿ ಹತ್ತಿದವರಿಗೆ ಅದೇನೂ ದೊಡ್ಡದಲ್ಲ. ಆದರೆ ಅಲ್ಲಿ ಮರೆಗೆ ಮರವಿಲ್ಲ. ಹುಲ್ಲು, ಮಳೆಗಾಲ ಮುಗಿಯದ ಜೌಗು, ಬೇಸಿಗೆಯ ಕೊನೆಗೆ ನೇರಳೆ ಹೂ ಬಿಡುವ ಹೀದರ್ ಪೊದೆ, ಹಳದಿ ಹೂವಿನ ಮುಳ್ಳುಗಂಟಿ ಗಾರ್ಸ್, ಗುಡ್ಡದ ತಲೆಯ ಮೇಲೆ ಒಂದರ ಮೇಲೊಂದು ಕುಳಿತ ಗ್ರಾನೈಟ್ ಬಂಡೆಗಳು, ಅಷ್ಟೆ. ಆ ಬಂಡೆರಾಶಿಗಳನ್ನು ಅಲ್ಲಿನವರು ಟಾರ್ ಎನ್ನುತ್ತಾರೆ. ಇಂಥ ನೆಲವನ್ನು ಮೂರ್ ಎನ್ನುತ್ತಾರೆ.

ನೋಡಿದ ಕೂಡಲೇ ಮನುಷ್ಯನ ಕೈ ಸೋಕದ ಜಾಗ ಎನಿಸುತ್ತದೆ. ನಿಜ ಬೇರೆ. ಈ ನೆಲ ಬೋಳಾದದ್ದರಲ್ಲಿ ಮನುಷ್ಯನ ಪಾಲು ದೊಡ್ಡದು. ನಾಲ್ಕು ಸಾವಿರ ವರ್ಷಗಳಿಂದ ಅಲ್ಲಿ ಜನ ಕಾಡು ಕಡಿದಿದ್ದಾರೆ, ಬೇಲಿ ಹಾಕಿದ್ದಾರೆ, ತವರ ತೋಡಿದ್ದಾರೆ, ಕಲ್ಲು ಒಡೆದಿದ್ದಾರೆ, ಕುರಿ ಮೇಯಿಸಿದ್ದಾರೆ. ಆ ಗುರುತುಗಳೆಲ್ಲ ನೆಲದ ಮೇಲೇ ಇವೆ. ಅವನ್ನು ಓದಿಕೊಂಡು ಹೋಗಲು ಸೈಕಲ್ಲಿಗಿಂತ ಒಳ್ಳೆಯ ವಾಹನ ಇಲ್ಲ ಎಂಬುದು ನನ್ನ ನಂಬಿಕೆ. ಕಾರಿನಲ್ಲಿ ಕುಳಿತವರಿಗೆ ಮೊಣಕಾಲೆತ್ತರದ ಕಲ್ಲಿನ ಸಾಲು ಕಣ್ಣಿಗೇ ಬೀಳುವುದಿಲ್ಲ. ನಡೆದು ಹೋದವರು ಒಂದು ದಿನದಲ್ಲಿ ಒಂದು ಕಣಿವೆ ನೋಡಬಹುದು. ಸೈಕಲ್ಲಿನವರು ಬೆಳಿಗ್ಗೆ ಕಂಚಿನ ಯುಗದ ಹಳ್ಳಿ, ಮಧ್ಯಾಹ್ನ ಮಧ್ಯಯುಗದ ಸೇತುವೆ, ಸಂಜೆಗೆ ನೆಪೋಲಿಯನ್ ಕಾಲದ ಸೆರೆಮನೆ ನೋಡಿ ಬರಬಹುದು.

ಆ ಹಳ್ಳಿಯಿಂದಲೇ ಶುರು ಮಾಡೋಣ. ಹೆಸರು ಗ್ರಿಮ್ಸ್‌ಪೌಂಡ್. ಎರಡು ಗುಡ್ಡಗಳ ನಡುವಿನ ಇಳಿಜಾರಿನಲ್ಲಿ ಕುಸಿದ ಕಲ್ಲಿನ ದೊಡ್ಡ ಗೋಡೆಯೊಂದು ವೃತ್ತಾಕಾರವಾಗಿ ಸುತ್ತಿ ಬರುತ್ತದೆ. ಒಳಗೆ 24 ದುಂಡು ಗುಡಿಸಲುಗಳ ಬುನಾದಿ. ಸುಮಾರು 3,300 ವರ್ಷಗಳ ಹಿಂದೆ ಇಲ್ಲಿ ಜನ ಬಾಳಿದರು. ರಸ್ತೆಯ ಬದಿಗೆ ಸೈಕಲ್ ನಿಲ್ಲಿಸಿ, ಸ್ವಲ್ಪ ಮೇಲಕ್ಕೆ ನಡೆದು ಒಂದು ಗುಡಿಸಲಿನ ಬಾಗಿಲಲ್ಲಿ ನಿಂತು ನೋಡಿ. ಬಾಗಿಲ ಇಕ್ಕೆಲದ ನಿಲುವುಗಲ್ಲುಗಳು ಇನ್ನೂ ನಿಂತಿವೆ. ಬಾಗಿಲ ಮುಂದೆ ಗೋಡೆ ಬಾಗಿ ಬಂದು ಗಾಳಿಗೆ ಮರೆಯಾಗಿರುವುದು ಕಾಣುತ್ತದೆ. ಅಲ್ಲಿನ ಗಾಳಿಗೆ ಎದುರಾಗಿ ಪೆಡಲ್ ತುಳಿದು ಬಂದವರಿಗೆ ಆ ಮರೆ ಯಾಕೆ ಬೇಕಾಯಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1894ರಲ್ಲಿ ಇಲ್ಲಿ ಉತ್ಖನನ ನಡೆದಾಗ ಕೆಲವು ಗುಡಿಸಲುಗಳ ಕಲ್ಲನ್ನು ಎತ್ತಿ ನಿಲ್ಲಿಸಿದರು. ಹಾಗಾಗಿ ಇಂದು ಕಾಣುವುದೆಲ್ಲ ಮೂಲದ್ದಲ್ಲ ಎಂಬುದನ್ನೂ ನೆನಪಿಡಬೇಕು.

ಇಂಥ ಗುಡಿಸಲು ವೃತ್ತಗಳು ಡಾರ್ಟ್‌ಮೂರ್‌ನಲ್ಲಿ ಸುಮಾರು 5,000 ಇವೆ. ನೆಟ್ಟ ಕಲ್ಲುಗಳ ಸಾಲುಗಳು 70ಕ್ಕೂ ಹೆಚ್ಚು. ಗುಡ್ಡ ಏರಿ ಹಳ್ಳ ಇಳಿದು ಕಿಲೋಮೀಟರುಗಟ್ಟಲೆ ಸಮಾನಾಂತರವಾಗಿ ಓಡುವ ತಗ್ಗು ಕಲ್ಲುದಿಬ್ಬಗಳೂ ಇವೆ. ಇವು ಕಂಚಿನ ಯುಗದ ಹೊಲಗಳ ಬದುಗಳು ಎಂದು ಸ್ಪಷ್ಟವಾದದ್ದು 1970ರ ದಶಕದಲ್ಲಿ. ಇಷ್ಟೊಂದು ಜನ ಇದ್ದ ಜಾಗ ಖಾಲಿಯಾದದ್ದು ಹೇಗೆ? ಕಾಡು ಕಡಿದ ಮೇಲೆ ನೆಲದ ಸಾರ ತೊಳೆದುಹೋಯಿತು, ಮಣ್ಣು ಹುಳಿಯಾಯಿತು. ಹವೆಯೂ ತಂಪಾಗಿ ಮಳೆ ಹೆಚ್ಚಿತು. ನೀರು ನಿಂತ ಕಡೆ ಹುಲ್ಲು, ಪಾಚಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿ ಪೀಟ್ ಎಂಬ ಕಪ್ಪು ಮಣ್ಣಾಯಿತು. ಜನ ತಗ್ಗಿಗೆ ಇಳಿದರು. ಮುಂದೆ ಯಾರೂ ಆಳವಾಗಿ ಉಳದೆ ಹೋದ್ದರಿಂದಲೇ ಆ ಬದುಗಳು, ಆ ಗುಡಿಸಲುಗಳು ಉಳಿದವು.

ಪೀಟ್ ಮಣ್ಣು ಎಂಥದ್ದನ್ನು ಕಾಪಾಡುತ್ತದೆ ಎಂಬುದಕ್ಕೆ 2011ರ ಒಂದು ಉತ್ಖನನ ಸಾಕ್ಷಿ. ವೈಟ್‌ಹಾರ್ಸ್ ಹಿಲ್ ಎಂಬ ಗುಡ್ಡದ ಮೇಲೆ ಪೀಟ್ ಸವೆದು ಹೊರಬಿದ್ದಿದ್ದ ಒಂದು ಕಲ್ಲಿನ ಪೆಟ್ಟಿಗೆಯನ್ನು ತಜ್ಞರು ತೆರೆದರು. ಒಳಗೆ ಸುಟ್ಟ ಮೂಳೆಗಳಿದ್ದವು. ಅವನ್ನು ಕರಡಿಯ ಚರ್ಮದಲ್ಲಿ ಸುತ್ತಿದ್ದರು. ಹೆಣೆದ ಬುಟ್ಟಿ, ಅಂಬರ್ ಮಣಿಗಳು, ತವರದ ಗುಂಡು ಕೂರಿಸಿದ ಕೈಬಳೆ, ಮರದಿಂದ ಕಡೆದ ಕಿವಿಯೋಲೆ ಕೂಡ ಇದ್ದವು. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಬುಟ್ಟಿ, ಚರ್ಮ, ಮರ ಬೇರೆಲ್ಲಿಯಾದರೂ ಇದ್ದಿದ್ದರೆ ಮಣ್ಣಾಗಿ ಹೋಗುತ್ತಿದ್ದವು.

ಇಂಥ ಕಲ್ಲುಪೆಟ್ಟಿಗೆ ಸಮಾಧಿಗಳ ವಿಷಯದಲ್ಲಿ ಕನ್ನಡನಾಡಿಗೂ ಒಂದು ನಂಟಿದೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ಸೀಮೆಯ, ಜೇವರ್ಗಿ ಕಡೆಯ ಬೃಹತ್ ಶಿಲಾಸಮಾಧಿಗಳನ್ನು ಅಗೆದು, ಅಳೆದು, ಚಿತ್ರ ಬರೆದು ಪ್ರಕಟಿಸಿದ. ಬ್ರಿಟನ್ನಿನ ಕಲ್ಲುಪೆಟ್ಟಿಗೆ ಸಮಾಧಿಗಳಿಗೂ ಇವಕ್ಕೂ ಒಂದೇ ಜನಾಂಗ ಮೂಲವಿರಬೇಕೆಂದು ಊಹಿಸಿದ. ಆ ಊಹೆ ನಿಲ್ಲಲಿಲ್ಲ. ನಮ್ಮವು ಹೆಚ್ಚಾಗಿ ಕಬ್ಬಿಣದ ಯುಗದವು, ಅಲ್ಲಿನವು ಅದಕ್ಕಿಂತ ಹಳೆಯವು. ಆದರೆ ಅವನ ಅಳತೆಗಳಿಗೆ, ಚಿತ್ರಗಳಿಗೆ ಇಂದಿಗೂ ಬೆಲೆಯಿದೆ.

ಈಗ ಸವಾರಿಗೆ ಬರೋಣ. ಡಾರ್ಟ್‌ಮೂರ್‌ನ ಡಾಂಬರು ರಸ್ತೆಗಳು ಕಡಿದಾದವು. ಹಲವು ಕಡೆ ಎರಡೂ ಬದಿಗೆ ಎತ್ತರದ ಬದು, ಮೇಲೆ ಬೇಲಿ, ನಡುವೆ ಒಂದೇ ವಾಹನ ಹಿಡಿಸುವಷ್ಟು ದಾರಿ. ಆದರೆ ಸವಾರರ ಪಾಲಿಗೆ ಒಂದು ವರ ಇದೆ: ಹಳೆಯ ರೈಲುದಾರಿಗಳು. ರೈಲಿಗೆ ಕಡಿದಾದ ಏರು ಆಗದು. ಆದ್ದರಿಂದ ಗುಡ್ಡವನ್ನು ಬಳಸಿ ಬಳಸಿ ನಿಧಾನಕ್ಕೆ ಏರುವಂತೆ ದಾರಿ ಕಡಿದಿದ್ದಾರೆ. ಹಳಿ ಹೋದ ಮೇಲೆ ಉಳಿದ ಆ ಸಮ ಏರು ಮೊಣಕಾಲಿಗೆ ಹಿತ.

ನನಗೆ ಬಹಳ ಇಷ್ಟದ್ದು ಪ್ರಿನ್ಸ್‌ಟೌನ್ ಎಂಬ ಊರಿನಿಂದ ಬರೇಟರ್ ಜಲಾಶಯದ ಕಡೆಗೆ ಇಳಿಯುವ ದಾರಿ. 1823ರಲ್ಲಿ ಇಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾಯಿತು. ಅದರ ಜಾಡು ಹಿಡಿದು 1883ರಲ್ಲಿ ರೈಲು ಬಂತು, 1956ರಲ್ಲಿ ನಿಂತಿತು. ಕಿಂಗ್ಸ್ ಟಾರ್ ಎಂಬ ಗುಡ್ಡವನ್ನು ದಾರಿ ಸುತ್ತಿ ಬರುತ್ತದೆ. ಜಲ್ಲಿಯ ದಾರಿ, ಅಗಲ ಟೈರ್ ಇದ್ದರೆ ಒಳ್ಳೆಯದು. ಅಲ್ಲಿ ಸ್ವೆಲ್‌ಟಾರ್ ಕಲ್ಲುಗಣಿಯ ಹತ್ತಿರ, ದಾರಿಯ ಪಕ್ಕದ ಹುಲ್ಲಿನಲ್ಲಿ, ಕಡೆದು ನಯ ಮಾಡಿದ ದೊಡ್ಡ ಗ್ರಾನೈಟ್ ತೊಲೆಗಳು ಸುಮಾರು ಹನ್ನೆರಡು ಬಿದ್ದಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ಬ್ರಿಜ್ ಅಗಲ ಮಾಡುವಾಗ ಗೋಡೆಯಿಂದ ಚಾಚಿ ಭಾರ ಹೊರಲೆಂದು ಕಡೆದ ಚಾಚುಗಲ್ಲುಗಳವು. ಲಂಡನ್ನಿಗೆ ಹೋಗದೆ ಇಲ್ಲೇ ಉಳಿದವು. ಒಂದರ ಪಕ್ಕ ಕುಳಿತು ಕೈಯಾಡಿಸಿ ನೋಡಿ: ಬಾಗಿದ ಮುಖ ನುಣುಪು, ಉಳಿಯ ಏಟು ಒಂದರ ಪಕ್ಕ ಒಂದು ಒತ್ತಾಗಿ ಸಾಲುಗಟ್ಟಿದೆ. ಸುತ್ತಲಿನ ಒಡೆದ ಬಂಡೆಗಳ ಅಂಚಿನಲ್ಲಿ ಬೆರಳುದ್ದದ ಅರ್ಧ ತೂತುಗಳ ಸಾಲು ಕಾಣುತ್ತದೆ. ತೂತು ಕೊರೆದು ಬೆಣೆ ಬಡಿದು ಬಂಡೆ ಸೀಳಿದ ಗುರುತು ಅದು. ನಮ್ಮ ಕಲ್ಲುಕುಟಿಗರು ಬಂಡೆ ಸೀಳುವ ರೀತಿಯೂ ಇದೇ ಅಲ್ಲವೇ?

ಆ ಸೇತುವೆಯ ಮೂಲ ಕಲ್ಲಿನ ಒಂದು ಪಾಲೂ ಡಾರ್ಟ್‌ಮೂರ್‌ನದೇ, ಪೂರ್ವ ಅಂಚಿನ ಹೇಟಾರ್‌ನದು. ಅಲ್ಲಿ 1820ರಲ್ಲಿ ತೆರೆದ ಟ್ರಾಮಿನ ಹಳಿಗಳೇ ಗ್ರಾನೈಟಿನವು. ಗಾಡಿಯ ಚಕ್ರ ಹಳಿ ಬಿಟ್ಟು ಜಾರದಂತೆ ಕಲ್ಲಿನಲ್ಲೇ ಅಂಚು ಬಿಟ್ಟು ಕಡೆದಿದ್ದಾರೆ. ದಾರಿ ಕವಲೊಡೆಯುವಲ್ಲಿ ಕವಲೂ ಕಲ್ಲಿನದೇ. ಕಲ್ಲು ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಮ್ಮ ಭಾರಕ್ಕೇ ಇಳಿದು ಕಾಲುವೆ ಸೇರುತ್ತಿದ್ದವು, ಖಾಲಿ ಗಾಡಿಗಳನ್ನು ಕುದುರೆಗಳು ಎಳೆದು ತರುತ್ತಿದ್ದವು. 1831ರಲ್ಲಿ ತೆರೆದ ಆ ಲಂಡನ್ ಬ್ರಿಜ್ 1968ರಲ್ಲಿ ಮಾರಾಟವಾಯಿತು. ಅದರ ಹೊರಮೈ ಕಲ್ಲುಗಳು ಈಗ ಅಮೆರಿಕದ ಅರಿಜೋನಾದಲ್ಲಿವೆ.

ಪ್ರಿನ್ಸ್‌ಟೌನ್‌ನ ಸೆರೆಮನೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಫ್ರೆಂಚ್ ಯುದ್ಧಕೈದಿಗಳಿಗಾಗಿ ಕಟ್ಟಿದ್ದು, 1809ರಲ್ಲಿ ತೆರೆಯಿತು, ಮುಂದೆ ಅಮೆರಿಕನ್ನರೂ ಸೇರಿದರು. 2024ರಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಹೆಚ್ಚಾಗಿ ಕೈದಿಗಳನ್ನು ಬೇರೆಡೆಗೆ ಸಾಗಿಸಿದರು. ಆ ಅನಿಲ ಹೊಮ್ಮುವುದು ಇದೇ ಗ್ರಾನೈಟಿನಿಂದ.

ಕಾನೂನನ್ನು ಮಾತ್ರ ಬಿಡಿಸಿ ಹೇಳಬೇಕು. 1968ರ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಕುದುರೆ ದಾರಿಗಳ ಮೇಲೆ ಸೈಕಲ್ಲಿಗೆ ಹಕ್ಕಿದೆ. ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಕಾಲುದಾರಿಯ ಮೇಲೆ ಆ ಹಕ್ಕಿಲ್ಲ. ಡಾರ್ಟ್‌ಮೂರ್‌ನ ಗೋಮಾಳಗಳಲ್ಲಿ 1985ರ ಕಾಯಿದೆ ಕೊಟ್ಟ ಸಂಚಾರದ ಹಕ್ಕು ಕಾಲ್ನಡಿಗೆಗೆ, ಕುದುರೆಗೆ ಮಾತ್ರ. ಇದು ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ. ಒದ್ದೆ ಪೀಟಿನ ಮೇಲೆ ಚಕ್ರ ಒಮ್ಮೆ ಹರಿದರೆ ಆ ಗೀರು ನೀರಿನ ಕಾಲುವೆಯಾಗುತ್ತದೆ. ನೀರು ಬಸಿದು ಪೀಟ್ ಒಣಗಿದರೆ ಅದು ಕಾಪಾಡಿದ್ದೆಲ್ಲ ಹಾಳಾಗುತ್ತದೆ.

ನಿಮ್ಮ ಮಕ್ಕಳೋ ಬಂಧುಗಳೋ ಇಂಗ್ಲೆಂಡಿನಲ್ಲಿದ್ದು ನೀವು ಅಲ್ಲಿಗೆ ಹೋಗುವುದಾದರೆ ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಎಕ್ಸೆಟರ್‌ನಿಂದ ಓಕ್‌ಹ್ಯಾಂಪ್ಟನ್‌ಗೆ 2021ರಿಂದ ಮತ್ತೆ ದಿನವೂ ರೈಲು ಓಡುತ್ತಿದೆ. ಆ ನಿಲ್ದಾಣದಿಂದಲೇ ಗ್ರಾನೈಟ್ ವೇ ಎಂಬ ಸೈಕಲ್ ದಾರಿ ಲಿಡ್‌ಫೋರ್ಡ್‌ಗೆ ಹೊರಡುತ್ತದೆ, ಸುಮಾರು 18 ಕಿಲೋಮೀಟರ್. ಹೊಸಬರಿಗೆ, ಮಕ್ಕಳಿಗೆ ಇದೇ ಸರಿ. ಮಳೆ ಅಂಗಿ ಇರಲಿ, ಕಾಗದದ ನಕ್ಷೆ ಇರಲಿ, ಮಂಜು ಕವಿದರೆ ಎದುರಿನ ಟಾರ್ ಕೂಡ ಕಾಣುವುದಿಲ್ಲ. ದನಕುರಿ ದಾಟದಂತೆ ರಸ್ತೆಗೆ ಅಡ್ಡ ಹಾಸಿದ ಕಬ್ಬಿಣದ ಸರಳುಗಳನ್ನು ನೇರವಾಗಿ ದಾಟಿ, ಓರೆಯಾಗಿ ಹೋದರೆ ಟೈರ್ ಜಾರುತ್ತದೆ. ಅಲ್ಲಿ ಮೇಯುವ ಗಿಡ್ಡ ತಳಿಯ ಕುದುರೆಗಳಿಗೆ ತಿನ್ನಲು ಏನೂ ಕೊಡಬೇಡಿ. ಸೈಕಲ್ಲನ್ನು ದಾರಿಯಲ್ಲೇ ನಿಲ್ಲಿಸಿ, ಹಳೆಯ ಕಲ್ಲುಗಳ ಬಳಿಗೆ ನಡೆದೇ ಹೋಗಿ; ಗುಡಿಸಲ ಗೋಡೆಯ ಒಂದು ಕಲ್ಲನ್ನೂ ಅಲುಗಿಸದೆ ಹಿಂದಿರುಗಿ.