ಸಮಾಧಿಯತ್ತ ಓಡಿದ ಇಬ್ಬರು

(ಪಾಸ್ಖ ಭಾನುವಾರದ ಪ್ರಬೋಧನೆ. ಶುಭಸಂದೇಶ: ಯೊವಾನ್ನ 20:1-9)



ತಪಸ್ಸುಕಾಲದುದ್ದಕ್ಕೂ ನಾವು ಬಾಯಿಗೆ ತಾರದೆ ಇಟ್ಟಿದ್ದ 'ಅಲ್ಲೆಲೂಯ' ಇಂದು ಮತ್ತೆ ನಮ್ಮ ದೇವಾಲಯದಲ್ಲಿ ಮೊಳಗಿದೆ. ಈ ಸಂತೋಷದಲ್ಲಿ ಇಂದಿನ ಶುಭಸಂದೇಶವನ್ನು ಸ್ವಲ್ಪ ನಿಧಾನವಾಗಿ ಧ್ಯಾನಿಸೋಣ.

ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಗೆ ಬರುತ್ತಾಳೆ. ಬಾಗಿಲಿನ ಕಲ್ಲು ಉರುಳಿರುವುದನ್ನು ಕಂಡು ಓಡಿಹೋಗಿ ಪೇತ್ರರಿಗೂ, ಯೇಸುಸ್ವಾಮಿಯ ಆಪ್ತ ಶಿಷ್ಯರಿಗೂ ತಿಳಿಸುತ್ತಾಳೆ. ಇಬ್ಬರೂ ಓಡುತ್ತಾರೆ. ಆಪ್ತ ಶಿಷ್ಯರ ಕಾಲು ಚುರುಕು. ಅವರು ಮೊದಲು ಮುಟ್ಟುತ್ತಾರೆ. ಆದರೆ ಬಗ್ಗಿ ನೋಡಿ ಹೊರಗೇ ನಿಲ್ಲುತ್ತಾರೆ. ಹಿಂದಿನಿಂದ ಬಂದ ಪೇತ್ರರು ನೇರ ಒಳಗೆ ನಡೆಯುತ್ತಾರೆ. ಅನಂತರ ಮೊದಲನೆಯವರೂ ಒಳಗೆ ಹೋಗಿ, ಕಂಡು, ವಿಶ್ವಾಸಿಸುತ್ತಾರೆ. ಇವರಿಬ್ಬರಲ್ಲಿ ಯಾರು ದೊಡ್ಡವರು ಎಂಬ ತೀರ್ಪನ್ನು ಶುಭಸಂದೇಶ ಕೊಡುವುದಿಲ್ಲ. ಓಟದಲ್ಲಿ ಒಬ್ಬರು ಮುಂದೆ, ಒಳಹೋಗುವುದರಲ್ಲಿ ಇನ್ನೊಬ್ಬರು ಮುಂದೆ. ಸಮಾಧಿ ಮಾತ್ರ ಒಂದೇ. ಅದು ಬರಿದಾಗಿದೆ.

ಇಂದು ಬೆಳಗ್ಗೆ ನಾವು ಇಲ್ಲಿಗೆ ಬರುವಾಗ ನಮ್ಮೂರಿನ ಇನ್ನೂ ಕೆಲವರು ಅದೇ ಸಮಾಧಿಯತ್ತ ಓಡುತ್ತಿದ್ದರು. ಬಾಸೆಲ್ ಮಿಷನ್ ಸಭೆ ಎಂದು ಹಿರಿಯರು ಈಗಲೂ ಕರೆಯುವ ಸಭೆಯ ಜನರನ್ನು ಕುರಿತು ಹೇಳುತ್ತಿದ್ದೇವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ಕ್ರೈಸ್ತರು ಬಲು ಕಡಿಮೆ. ಬಸ್ ನಿಲ್ದಾಣದಲ್ಲಿ ಯಾರನ್ನಾದರೂ ಕೇಳಿ ನೋಡಿ, ಊರಿನವರ ಕಣ್ಣಿಗೆ ನಾವೂ ಅವರೂ ಒಂದೇ. ಬೇರೆ ಬೇರೆ ಎನ್ನುವುದು ನಮಗೆ ಮಾತ್ರ ಗೊತ್ತು. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ತಪಸ್ಸುಕಾಲವೂ ಪೇಟೆಯ ಭರಾಟೆಯೂ ಒಟ್ಟಿಗೇ ಬರುತ್ತವೆ. ಕಡ್ಡಿ, ಡಬ್ಬಿ ಕಾಯಿಗಳ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವ ತಾಯಂದಿರಲ್ಲಿ ನಮ್ಮವರೂ ಇದ್ದಾರೆ, ಅವರವರೂ ಇದ್ದಾರೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಲೋಕವೆಲ್ಲ ಹೊಗಳುತ್ತದೆ. ದಿನವಿಡೀ ಆ ಘಾಟಿನಲ್ಲಿ ಕುಳಿತವರಿಗೆ ಅದರ ಸಂಗತಿ ಬೇರೆ. ಪವಿತ್ರ ಗುರುವಾರದ ಸಂಜೆ ಪಾದ ತೊಳೆಯುವ ವಿಧಿಗೆ ಸ್ತ್ರೀಯರನ್ನೂ ಕರೆಯಬಹುದೆಂದು ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ತಿಳಿಸಿದ ಮೇಲೆ, ಪೇಟೆಯಿಂದ ನೇರ ಬಂದ ಪಾದಗಳಿಗೂ ನೀರು ಹಾಕುವ ಭಾಗ್ಯ ನಮ್ಮಂಥ ಗುರುಗಳದ್ದಾಯಿತು. ಆ ಕೆಂಪು ಧೂಳು ಯಾವ ಸಭೆಯದೆಂದು ಕೇಳುವುದಿಲ್ಲ.

ಅವರ ಚರಿತ್ರೆಯನ್ನು ನಮ್ಮ ಯುವಕರು ತಿಳಿದಿರಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಅದು. ಅದರ ಮೊದಲ ಮೂವರು ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಲೂಥರನ್ ಪಂಥದವರೂ ರಿಫಾರ್ಮ್ಡ್ ಪಂಥದವರೂ ಆ ಮಿಷನ್ನಿನಲ್ಲಿ ಕೂಡಿ ದುಡಿದರು. ಬಂದವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ್ನರಾದ್ದರಿಂದ ಆರಾಧನೆಯ ರೀತಿ, ಹಾಡು, ಮಕ್ಕಳ ಧರ್ಮೋಪದೇಶಗಳಲ್ಲಿ ಲೂಥರನ್ ಬೇರು ಗಟ್ಟಿಯಾಗಿ ಉಳಿಯಿತು. 1914ರಲ್ಲಿ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಶತ್ರು ದೇಶದವರೆಂದು ಬಂಧನದಲ್ಲಿಟ್ಟು, ಬಳಿಕ ಹೊರಗೆ ಕಳಿಸಿತು. ಕಟ್ಟಿದವರು ಹೋದರು, ಸಭೆ ಉಳಿಯಿತು. ನಮ್ಮ ನಾಡಿನ ಉಪದೇಶಿಗಳೂ ಸಭಾಪಾಲಕರೂ ಕೈಬಿಡಲಿಲ್ಲ. ಗುರುವನ್ನು ಕಳೆದುಕೊಂಡು ಬಾಗಿಲು ಹಾಕಿಕೊಂಡು ಕುಳಿತ ಶಿಷ್ಯರ ಕಥೆಯನ್ನು ಅವರು ಓದಿದ್ದಷ್ಟೇ ಅಲ್ಲ, ಬಾಳಿ ತಿಳಿದಿದ್ದರು. ಮುಂದೆ 1968ರಲ್ಲಿ ಈ ಭಾಗದ ಬಾಸೆಲ್ ಮಿಷನ್ ಸಭೆಗಳು ದಕ್ಷಿಣ ಭಾರತ ಸಭೆಯನ್ನು, ಅಂದರೆ ಸಿ.ಎಸ್.ಐ.ಯನ್ನು ಕೂಡಿಕೊಂಡವು.

ಈಗ ಅವರ ಪಾಸ್ಖ ಕಾಲದ ಬಾಳನ್ನು ನೋಡೋಣ. ನಮಗೆ ವರ್ಷದ ಶಿಖರ ಪಾಸ್ಖ ಜಾಗರಣೆಯ ರಾತ್ರಿ. ಹಳೆಯ ಜರ್ಮನ್ ಲೂಥರನ್ನರಿಗೆ ಶುಭಶುಕ್ರವಾರವೇ ದೊಡ್ಡ ದಿನ. ಆ ಗಾಂಭೀರ್ಯ ಇಲ್ಲಿನ ಸಭೆಗಳಿಗೂ ಇಳಿದು ಬಂದಿದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕುಳಿತು ಶಿಲುಬೆಯ ಮೇಲಿನ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತಾರೆ. ಹೊರಗೆ ಬಿಸಿಲು ಉರಿಯುತ್ತಿದ್ದರೂ ಮುದುಕರು ಎದ್ದು ಹೋಗುವುದಿಲ್ಲ. ಇಲ್ಲಿ ಒಂದು ಸ್ವಾರಸ್ಯವಿದೆ. ಈ ಮೂರು ಗಂಟೆಗಳ ಧ್ಯಾನವನ್ನು ಆರಂಭಿಸಿದವರು ಲೂಥರನ್ನರಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಲೀಮಾ ಪಟ್ಟಣದಲ್ಲಿ, 17ನೇ ಶತಮಾನದ ಕೊನೆಯಲ್ಲಿ ಅಲೊನ್ಸೊ ಮೆಸ್ಸಿಯ ಎಂಬ ಯೇಸುಸಭೆಯ ಗುರು ಆರಂಭಿಸಿದ ಭಕ್ತಿ ಅದು. ನಮ್ಮ ಮನೆಯಿಂದ ಹೋದ ದೀಪ ಅವರ ಮನೆಯಲ್ಲಿ ಉರಿಯುತ್ತಿದೆ. ನಮ್ಮಲ್ಲಿ ಎಷ್ಟು ಮಂದಿ ಮೂರು ಗಂಟೆ ಕುಳಿತಾರು ಎಂಬುದನ್ನು ನೀವೇ ಎಣಿಸಿಕೊಳ್ಳಿ.

ಸಾಲ ನಮ್ಮ ಕಡೆಗೂ ಇದೆ, ಅದು ಇನ್ನೂ ದೊಡ್ಡದು. 1950ರವರೆಗೂ ನಮ್ಮ ಪಾಸ್ಖ ಜಾಗರಣೆ ನಡೆಯುತ್ತಿದ್ದುದು ಶನಿವಾರದ ಬೆಳಗ್ಗೆ, ಅದೂ ಲತೀನಿನಲ್ಲಿ. ಹಗಲು ಬೆಳಕಿನಲ್ಲೇ ಹೊಸ ಬೆಂಕಿ, ಹಗಲು ಬೆಳಕಿನಲ್ಲೇ ಪಾಸ್ಖ ದೀಪ! ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1951ರಲ್ಲಿ ಪ್ರಯೋಗವಾಗಿ, 1955ರ ಆಜ್ಞೆಯ ಮೂಲಕ ಖಾಯಂ ಆಗಿ, ಅದನ್ನು ರಾತ್ರಿಗೆ ಮರಳಿಸಿದರು. ಬಲಿಪೂಜೆ ಜನರ ಭಾಷೆಗೆ ಬಂದುದು ಎರಡನೇ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ಶಾಸನದ ನಂತರ. ಅವರ ಸಭೆಗಳಲ್ಲಿಯೋ ಅಜ್ಜನ ಅಜ್ಜಂದಿರ ಕಾಲದಿಂದಲೂ ಕನ್ನಡದಲ್ಲೇ ಪುನರುತ್ಥಾನದ ಹಾಡು. ನಮ್ಮವರು ಸುಮ್ಮನಿರಲಿಲ್ಲ ಎನ್ನುವುದನ್ನೂ ಹೇಳಬೇಕು. 17ನೇ ಶತಮಾನದಲ್ಲೇ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಲಿಯೊನಾರ್ದೊ ಸಿನ್ನಾಮಿ ಕನ್ನಡ ಕಲಿತು ಧರ್ಮೋಪದೇಶ ಬರೆದಿದ್ದರು. ಆದರೂ ಬೈಬಲು ಕನ್ನಡದಲ್ಲಿ ಪೂರ್ಣವಾಗಿ ಅಚ್ಚಾಗಿ ಜನರ ಕೈಗೆ ಬಂದುದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿ ಬೆಳೆಸಿದರು. ಲೂಥರನ್ ಪಾದ್ರಿಯ ಮಗನಾದ ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ಇಲ್ಲಿಗೆ ಬಂದು, 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ನಮ್ಮದೇ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು; 1894ರಲ್ಲಿ ಅವರ ನಿಘಂಟು ಹೊರಬಂದಿತು. ಅವರು 'ದೀಕ್ಷಾಸ್ನಾನ' ಎನ್ನುತ್ತಾರೆ, ನಾವು 'ಸ್ನಾನದೀಕ್ಷೆ' ಎನ್ನುತ್ತೇವೆ. ಅವರದು 'ಸುವಾರ್ತೆ', ನಮ್ಮದು 'ಶುಭಸಂದೇಶ'. 'ಪುನರುತ್ಥಾನ' ಮಾತ್ರ ಇಬ್ಬರಿಗೂ ಒಂದೇ ಪದ. ಕನ್ನಡದಲ್ಲಿ ಆ ಸಮಾಧಿಗೆ ಮೊದಲು ಓಡಿ ಮುಟ್ಟಿದ ಶಿಷ್ಯರು ಅವರು ಎಂದರೆ ಪೇತ್ರರ ಗೌರವಕ್ಕೆ ಕುಂದಿಲ್ಲ.

ಇನ್ನು ಅವರ ಹಬ್ಬದ ಬೆಳಗು. ಹೆಚ್ಚಿನ ವರ್ಷಗಳಲ್ಲಿ ದವನದ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈ ಹಬ್ಬ. ಸೂರ್ಯ ಮೂಡುವ ಮೊದಲೇ ಎದ್ದು ಹಾಡಿ ಪ್ರಾರ್ಥಿಸುವ ಪದ್ಧತಿ ಪ್ರೊಟೆಸ್ಟೆಂಟರಲ್ಲಿ ಅನೇಕ ಕಡೆ ಇದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ 1732ರ ಪಾಸ್ಖದ ನಸುಕಿನಲ್ಲಿ ಮೊರಾವಿಯನ್ ಸಭೆಯ ಕೆಲವು ಯುವಕರು ಸ್ಮಶಾನಕ್ಕೆ ಹೋಗಿ ಸಮಾಧಿಗಳ ನಡುವೆ ನಿಂತು ಹಾಡಿದರಂತೆ. ಅಲ್ಲಿಂದ ಅದು ಹಬ್ಬಿತು. ಸ್ಮಶಾನಕ್ಕೆ ಆ ಭಾಷೆಯಲ್ಲಿ 'ದೇವರ ಹೊಲ' ಎಂಬ ಹೆಸರುಂಟು. ರಾಣೆಬೆನ್ನೂರಿನ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜಕ್ಕೆಂದೇ ಬೆಳೆ ತೆಗೆಯುವವರು ನೀವು. ಹೂವಿಗೆ ಹೂವು ಮುಟ್ಟಿಸಿ ಒಂದೊಂದು ಕಾಯಿ ಕಟ್ಟಿಸುವ ಹೆಣ್ಣುಮಕ್ಕಳ ಬೆರಳಿಗೆ ಬೀಜದ ಬೆಲೆ ಗೊತ್ತು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಮಣ್ಣಿಗೆ ಬಿದ್ದ ಕಾಳನ್ನೇ ಪುನರುತ್ಥಾನಕ್ಕೆ ಹೋಲಿಸುತ್ತಾರೆ. ಬಿತ್ತಿದ ಹೊಲದ ಬದುವಿನಲ್ಲಿ ನಿಂತು ಅಳುವ ರೈತನಿಲ್ಲ, ಮಳೆಗೆ ಕಾಯುವವನಿದ್ದಾನೆ.

ನಾವು ನವೆಂಬರ್ 2ರಂದು ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಬೇಡುತ್ತೇವೆ. ಅವರು ಮೃತರಿಗಾಗಿ ಬೇಡುವುದಿಲ್ಲ, ದೇವರಿಗೆ ಸ್ತೋತ್ರ ಹೇಳುತ್ತಾರೆ. ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಅವರ ಮನೆಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ತಾಯಿಯೊಬ್ಬರು, "ನಮ್ಮವ್ವನ ಸಮಾಧಿಗೆ ನಾ ಯಾವ ದಿನ ಹೋಗ್ಲಿ ಫಾದರ್?" ಎಂದು ಕೇಳಿದಾಗ ನಾವು ಕೊಟ್ಟ ಉತ್ತರ ಒಂದೇ: "ಎರಡೂ ದಿನ ಹೋಗಮ್ಮಾ."

ಈ ಸೊಸೆಯಂದಿರ ವಿಷಯವನ್ನೇ ಇಂದು ಮುಖ್ಯವಾಗಿ ಹೇಳಬೇಕೆಂದಿದ್ದೇವೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮಾತುಕತೆ. ಹುಡುಗ ನಮ್ಮವನು, ಹುಡುಗಿ ಆ ಸಭೆಯವಳು. ಹುಡುಗನ ಕಡೆಯ ಹಿರಿಯರು ನಮ್ಮ ಮುಂದೆ ಕುಳಿತು, "ಮದುವಿಗೆ ಮುಂಚೆ ಆಕಿಗೆ ಜ್ಞಾನಸ್ನಾನ ಕೊಟ್ಟುಬಿಡ್ರಿ ಫಾದರ್, ಮುಂದ ತಕರಾರು ಬ್ಯಾಡ" ಎಂದರು. ಹುಡುಗಿಯ ತಂದೆ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಹಳೆಯ ದೀಕ್ಷಾಸ್ನಾನದ ಪತ್ರವನ್ನು ಮೇಜಿನ ಮೇಲೆ ಇಟ್ಟರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರ ಇಪ್ಪತ್ತೆರಡು ವರ್ಷದ ಹಿಂದ ನಾ ಕೂಸಿನ್ನ ಎತ್ತಿಕೊಂಡು ನಿಂತಿದ್ದು ಸುಳ್ಳೇನ್ರಿ?" ಎಂದರು. ಸುಳ್ಳಲ್ಲ ಎಂದು ನಾವು ಹೇಳಿದೆವು. ಮರುಸ್ನಾನ ಕೊಡಲಿಲ್ಲ. ಇಂಥ ಮಿಶ್ರವಿವಾಹಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಅದನ್ನು ಬರೆಸಿ ತರಿಸಿ ಮದುವೆ ನೆರವೇರಿಸಿದೆವು. ಆದರೆ ಆ ತಂದೆಯ ಮನಸ್ಸಿಗೆ ತಗುಲಿದ ಪೆಟ್ಟು ಅನುಮತಿ ಪತ್ರದಿಂದ ವಾಸಿಯಾಗುವಂಥದ್ದಲ್ಲ. ಮಗಳ ಮನೆಗೆ ಅವರು ಬಹುಕಾಲ ಕಾಲಿಡಲಿಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಹೊಸದೇನಲ್ಲ. 3ನೇ ಶತಮಾನದಲ್ಲೇ ಈ ಪ್ರಶ್ನೆ ಎದ್ದಿತ್ತು. ಧರ್ಮಸಭೆಯಿಂದ ಬೇರೆಯಾದವರು ಕೊಟ್ಟ ಸ್ನಾನ ಸ್ನಾನವೇ ಅಲ್ಲ, ಮತ್ತೆ ಕೊಡಬೇಕು ಎಂದು ಕಾರ್ಥೇಜಿನ ಸಂತ ಸಿಪ್ರಿಯಾನರು ವಾದಿಸಿದರು. ಜಗದ್ಗುರು ಸಂತ ಸ್ತೇಫನರು ಒಪ್ಪಲಿಲ್ಲ. ಇಬ್ಬರೂ ಸಂತರೇ, ಉಳಿದದ್ದು ಮಾತ್ರ ಸ್ತೇಫನರ ಮಾತು. ಸ್ನಾನ ಕೊಡುವವರು ಕ್ರಿಸ್ತರು, ಗುರುವಿನ ಕೈ ಬರೀ ಕೈ ಎಂದು ಮುಂದೆ ಸಂತ ಅಗಸ್ಟೀನರು ಬಿಡಿಸಿ ಹೇಳಿದರು. ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನೀರು ಸುರಿದು ಕೊಟ್ಟ ಸ್ನಾನ ಒಂದೇ ಸಲ, ಸದಾಕಾಲಕ್ಕೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕ್ರೈಸ್ತೈಕ್ಯವನ್ನು ಕುರಿತು ಹೊರಡಿಸಿದ ಶಾಸನವೂ ಇದನ್ನೇ ಎತ್ತಿ ಹಿಡಿಯಿತು. ನಿಜವಾದ ಅನುಮಾನವಿದ್ದಾಗ ಮಾತ್ರ ಷರತ್ತಿನ ಸ್ನಾನ. ತಕರಾರು ತಪ್ಪಿಸಲೆಂದು ಕೊಡುವ ಸ್ನಾನ ಯಾವ ಶಾಸನದಲ್ಲೂ ಇಲ್ಲ. ಈಚೆಗೆ ಕೆಲವು ಹೊಸ ಪಂಗಡದವರು ನಮ್ಮವರನ್ನೂ ಅವರವರನ್ನೂ ಕೆರೆಗೆ, ಹೊಳೆಗೆ ಕರೆದೊಯ್ದು ಮತ್ತೆ ಮುಳುಗಿಸುವಾಗ ನಮಗೆ ಸಿಟ್ಟು ಬರುತ್ತದಲ್ಲವೇ? ಆ ಸಿಟ್ಟು ನ್ಯಾಯವಾದರೆ ಆ ತಂದೆಯ ನೋವೂ ನ್ಯಾಯವೇ.

'ಆದರೆ ಫಾದರ್, ಲೂಥರರು ಕೃಪೆಯಿಂದ ಮಾತ್ರ ರಕ್ಷಣೆ ಅಂದರಲ್ಲ, ಸತ್ಕಾರ್ಯ ಬೇಡವೇ?' ಎಂದು ಧರ್ಮೋಪದೇಶ ಚೆನ್ನಾಗಿ ಕಲಿತವರು ಕೇಳುತ್ತಾರೆ. ಲೂಥರನ್ನರು 1530ರಲ್ಲಿ ತಮ್ಮ ವಿಶ್ವಾಸವನ್ನು ಚಕ್ರವರ್ತಿಯ ಮುಂದೆ ಓದಿ ಹೇಳಿದ್ದು ಔಗ್ಸ್‌ಬುರ್ಗ್ ಪಟ್ಟಣದಲ್ಲಿ. ಅದೇ ಪಟ್ಟಣದಲ್ಲಿ 1999ರ ಅಕ್ಟೋಬರ್ 31ರಂದು ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದೇ ಕಾಗದಕ್ಕೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಪುಣ್ಯದ ಲೆಕ್ಕ ನೋಡಿ ಅಲ್ಲ, ಕ್ರಿಸ್ತರ ಮೇಲಿನ ವಿಶ್ವಾಸದ ಮೂಲಕ, ಬರೀ ಕೃಪೆಯಿಂದ; ಆ ಕೃಪೆಯೇ ನಮ್ಮನ್ನು ಸತ್ಕಾರ್ಯಕ್ಕೆ ಎಬ್ಬಿಸುತ್ತದೆ ಎಂಬುದು ಅದರ ತಿರುಳು. 2016ರಲ್ಲಿ ಸ್ವೀಡನ್ನಿನ ಲುಂಡ್ ನಗರಕ್ಕೆ ಜಗದ್ಗುರು ಫ್ರಾನ್ಸಿಸ್‌ರವರೇ ಹೋಗಿ ಲೂಥರನ್ನರೊಂದಿಗೆ ಪ್ರಾರ್ಥಿಸಿದರು. ಗುರು ಗೋವಿಂದಭಟ್ಟರು ಶಿಶುನಾಳ ಷರೀಫರನ್ನು ಮಗನಂತೆ ಕಂಡ ಜಿಲ್ಲೆ ನಮ್ಮದು. ಅಷ್ಟು ದೂರದ ಇಬ್ಬರು ಹತ್ತಿರವಾದ ನೆಲದಲ್ಲಿ ಒಂದೇ ಶಿಲುಬೆಯವರು ದೂರ ನಿಲ್ಲುವುದು ಚೆಂದ ಕಾಣುವುದಿಲ್ಲ.

ಎಲ್ಲವೂ ಸರಿಹೋಯಿತು ಎಂದು ಹೇಳುತ್ತಿಲ್ಲ. ಪರಮಪ್ರಸಾದದ ಮೇಜಿಗೆ ನಾವು ಇನ್ನೂ ಕೂಡಿ ಬರಲಾಗುತ್ತಿಲ್ಲ. ಗಂಡ ಎದ್ದು ಸಾಲಿನಲ್ಲಿ ನಿಲ್ಲುತ್ತಾನೆ, ಹೆಂಡತಿ ಬೆಂಚಿನಲ್ಲೇ ತಲೆ ಬಗ್ಗಿಸಿ ಕೂರುತ್ತಾಳೆ. ಅಲ್ಲಿಗೆ ಹೋದರೆ ಆತ ಕೂರುತ್ತಾನೆ. ಆಗ ಅಕ್ಕಪಕ್ಕದವರು ತಿರುಗಿ ನೋಡಬೇಡಿ, ಏಕೆ ಬರಲಿಲ್ಲವೆಂದು ಮೊಣಕೈಯಿಂದ ತಿವಿಯಬೇಡಿ. ಆಪ್ತ ಶಿಷ್ಯರು ಸಮಾಧಿಯ ಬಾಗಿಲಲ್ಲಿ ಕಾದು ನಿಂತ ಆ ಗಳಿಗೆಯೂ ಶುಭಸಂದೇಶದಲ್ಲಿ ಬರೆದಿದೆ.

ಈಗ ನಾವೆಲ್ಲರೂ ಎದ್ದು ನಿಂತು ನಮ್ಮ ಸ್ನಾನದೀಕ್ಷೆಯ ವಾಗ್ದಾನಗಳನ್ನು ನವೀಕರಿಸೋಣ. ಮೊಂಬತ್ತಿ ತರದಿದ್ದವರಿಗೆ ಪಕ್ಕದವರು ತಮ್ಮದನ್ನು ಹಿಡಿಯಲಿ. ಹಬ್ಬಕ್ಕೆಂದು ಬಂದ ಬೀಗರು, ನೆಂಟರು, ಆ ಸಭೆಯ ಬಂಧುಗಳು ಹಿಂದೆ ಸರಿಯುವುದು ಬೇಡ. ಪ್ರಶ್ನೆಗಳು ನಿಮಗೂ ಗೊತ್ತಿರುವವೇ. ನಮ್ಮೊಂದಿಗೆ ಗಟ್ಟಿಯಾಗಿ ಉತ್ತರ ಹೇಳಿ. ಆಮೇಲೆ ನಾವು ತೀರ್ಥ ಚಿಮುಕಿಸುತ್ತಾ ಕೊನೆಯ ಬೆಂಚಿನವರೆಗೂ ಬರುತ್ತೇವೆ.